ಗುಲಾಮರು ಬರೆದದ್ದು ಬರೀ ದಾಖಲೆಯಂತೆ!

ನಿನ್ನೆ ಸಂಜೆ ನಮ್ಮೂರಿನಲ್ಲಿ ನಡೆದ ಉಪನ್ಯಾಸವೊಂದಕ್ಕೆ ಹೋಗಿ ಬಂದವಳು ಇನ್ನೂ ಕುದಿಯುತ್ತಿದ್ದೇನೆ. ವಿಷಯ, ಅಮೆರಿಕದ ಗುಲಾಮಗಿರಿ ವಿರೋಧಿ ಸಾಹಿತ್ಯ. ಭಾಷಣಕಾರರು ಓದಿಕೊಂಡವರು, ಮಾತು ಬಲ್ಲವರು. ಹೆಚ್ಚಿನ ಸಮಯವನ್ನೆಲ್ಲ ಬಿಳಿಯ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯನ್ನು ಕೊಂಡಾಡುವುದಕ್ಕೇ ಮೀಸಲಿಟ್ಟರು. ಅಮೆರಿಕದ ಅಂತರ್ಯುದ್ಧದ ನಡುವೆ ಅಧ್ಯಕ್ಷ ಲಿಂಕನ್ ಆಕೆಯನ್ನು ಕಂಡು 'ಈ ಮಹಾಯುದ್ಧಕ್ಕೆ ಕಾರಣರಾದ ಪುಟ್ಟ ಹೆಂಗಸು ನೀವೇನಾ' ಎಂದು ಕೇಳಿದನೆಂಬ ಕಥೆಯನ್ನು ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದರು. ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, 'ಸರ್, ಗುಲಾಮರಾಗಿದ್ದವರು ತಾವೇ ಏನನ್ನೂ ಬರೆಯಲಿಲ್ಲವೇ?' ಎಂದು ಕೇಳಿದಳು. 'ಬರೆದಿದ್ದಾರಮ್ಮಾ, ಬೇಕಾದಷ್ಟು ಬರೆದಿದ್ದಾರೆ. ಆದರೆ ಅವೆಲ್ಲ ದಾಖಲೆಗಳು. ಸಾಹಿತ್ಯ ಎನ್ನುವುದಕ್ಕೆ ಬರುವುದಿಲ್ಲ' ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿತ್ತು. ನಮ್ಮ ಕಡೆ ವಂದನಾರ್ಪಣೆಯನ್ನು ತಡೆದು ನಿಲ್ಲಿಸುವ ಶಕ್ತಿ ಇನ್ನೂ ಯಾರಿಗೂ ಬಂದಿಲ್ಲವಾದ್ದರಿಂದ, ಅಲ್ಲಿ ಆಡಬೇಕಾದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಲಿಂಕನ್ನನ ಕಥೆಯನ್ನು ಮೊದಲು ಮುಗಿಸಿಬಿಡುತ್ತೇನೆ. 1862ರ ಕೊನೆಯಲ್ಲಿ ಸ್ಟೋವ್ ವಾಷಿಂಗ್ಟನ್ನಿಗೆ ಹೋಗಿ ಆತನನ್ನು ಭೇಟಿಯಾದದ್ದು ನಿಜ. ಆದರೆ ಅವನು ಆ ಮಾತನ್ನು ಆಡಿದನೆಂಬುದಕ್ಕೆ ಆ ಕಾಲದ ಬರಹದ ಆಧಾರವಿಲ್ಲ. ಅದು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ದಶಕಗಳ ನಂತರ. ಗುಲಾಮರ ಪುಸ್ತಕಗಳನ್ನು ದಾಖಲೆ ಎಂದು ಪಕ್ಕಕ್ಕೆ ಸರಿಸಿದವರು ದಾಖಲೆಯೇ ಇಲ್ಲದ ಮಾತಿಗೆ ಚಪ್ಪಾಳೆ ಹೊಡೆಸಿದರಲ್ಲ, ಅದನ್ನು ಮೆಚ್ಚಬೇಕು.

ಈಗ ಆ 'ದಾಖಲೆ'ಗಳ ವಿಚಾರ. ಫ್ರೆಡರಿಕ್ ಡಗ್ಲಸ್ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದವನು. 1838ರಲ್ಲಿ ತಪ್ಪಿಸಿಕೊಂಡು, ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯಗಳಿಗೆ ಬಂದು, 1845ರಲ್ಲಿ ಬಾಸ್ಟನ್ನಿನಲ್ಲಿ ತನ್ನ ಮೊದಲ ಆತ್ಮಕಥೆಯನ್ನು ಪ್ರಕಟಿಸಿದ. ಗುಲಾಮರಿಗೆ ತಮ್ಮ ವಯಸ್ಸು ಗೊತ್ತಿರುವುದು ಕುದುರೆಗಳಿಗೆ ಗೊತ್ತಿರುವಷ್ಟೇ ಎಂಬ ಮಾತು ಆ ಪುಸ್ತಕದ ಮೊದಲ ಪುಟದಲ್ಲೇ ಬರುತ್ತದೆ. ಗುಲಾಮರು ಹಾಡುವುದನ್ನು ಕೇಳಿ ಅವರು ಸುಖವಾಗಿದ್ದಾರೆಂದು ತಿಳಿಯುವ ಜನರಿದ್ದಾರಲ್ಲ, ಅವರ ತಿಳಿವಳಿಕೆಯನ್ನು ಆತ ಒಂದೆರಡು ಪುಟಗಳಲ್ಲಿ ಬುಡಮೇಲು ಮಾಡುತ್ತಾನೆ. ಪುಸ್ತಕದ ನಟ್ಟನಡುವೆ ನಿಂತು, 'ಮನುಷ್ಯನೊಬ್ಬ ಗುಲಾಮನಾದದ್ದನ್ನು ನೋಡಿದಿರಿ. ಗುಲಾಮನೊಬ್ಬ ಮನುಷ್ಯನಾಗುವುದನ್ನು ಇನ್ನು ನೋಡುವಿರಿ' ಎಂದು ಓದುಗನನ್ನು ಹಿಡಿದು ತಿರುಗಿಸುತ್ತಾನೆ. ಇಂಥ ವಾಕ್ಯ ಯಾವ ಕಚೇರಿಯ ದಾಖಲೆಯಲ್ಲಿ ಸಿಗುತ್ತದೆಂದು ಭಾಷಣಕಾರರು ತೋರಿಸಿಕೊಟ್ಟರೆ ನಾನು ಆ ಕಚೇರಿಯಲ್ಲೇ ಹೋಗಿ ಕೂರುತ್ತೇನೆ.

ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ತಾನು ಹೇಗೆ ತಪ್ಪಿಸಿಕೊಂಡೆ ಎಂಬುದನ್ನು ಡಗ್ಲಸ್ ಆ ಪುಸ್ತಕದಲ್ಲಿ ಹೇಳುವುದೇ ಇಲ್ಲ. ಹೇಳಿದರೆ ನೆರವಾದವರಿಗೆ ಅಪಾಯ, ಹಿಂದೆ ಬರಬೇಕಾದವರ ದಾರಿಯೂ ಮುಚ್ಚಿಹೋಗುತ್ತದೆ. ಆದ್ದರಿಂದ ಇಡೀ ಕಥೆ ಯಾವ ಘಟನೆಯತ್ತ ಓಡುತ್ತಿದೆಯೋ ಆ ಘಟನೆಯನ್ನೇ ಬೇಕೆಂದು ಕತ್ತಲಲ್ಲಿಟ್ಟು, ಒಡೆಯರು ಆ ಕತ್ತಲಲ್ಲಿ ತಡಕಾಡಲಿ ಎಂದು ಬಿಟ್ಟ. ನಾವಿಕನ ವೇಷದಲ್ಲಿ, ಬೇರೊಬ್ಬರ ಕಾಗದಪತ್ರ ಹಿಡಿದು ಬಾಲ್ಟಿಮೋರಿನಿಂದ ರೈಲು ಹತ್ತಿದ ವಿವರಗಳು 1881ರಲ್ಲಿ ಬಂದ ಅವನ ಮೂರನೆಯ ಆತ್ಮಕಥೆಯಲ್ಲಿವೆ. ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು, ಮುಚ್ಚಿಟ್ಟದ್ದನ್ನೂ ಓದುಗನ ಮನಸ್ಸಿನಲ್ಲಿ ಹೇಗೆ ಉಳಿಸಬೇಕು ಎಂದು ಲೆಕ್ಕಹಾಕುವವನನ್ನು ಲೇಖಕನೆನ್ನದೆ ಇನ್ನೇನೆನ್ನಬೇಕು?

ಆದರೆ ಆ ಪುಸ್ತಕಕ್ಕೆ ಮುನ್ನುಡಿ ಬೇಕಾಯಿತು. ಗುಲಾಮಗಿರಿ ವಿರೋಧಿ ಚಳವಳಿಯ ಬಿಳಿಯ ಮುಂದಾಳು ವಿಲಿಯಂ ಲಾಯ್ಡ್ ಗ್ಯಾರಿಸನ್ ಬರೆದ. ಅವನ ಬಗ್ಗೆ ನನಗೆ ಗೌರವವಿದೆ. 1831ರಿಂದ 'ಲಿಬರೇಟರ್' ಪತ್ರಿಕೆಯನ್ನು ಮೂರು ದಶಕಕ್ಕೂ ಮೀರಿ ನಡೆಸಿದವನು. ಆದರೂ ಮುನ್ನುಡಿ ಶುರುವಾಗುವುದು, 1841ರ ಆಗಸ್ಟಿನಲ್ಲಿ ತಾನು ನ್ಯಾಂಟಕೆಟ್ಟಿನ ಸಮಾವೇಶಕ್ಕೆ ಹೋಗಿದ್ದೆ ಎಂಬ ತನ್ನದೇ ಸುದ್ದಿಯಿಂದ. ಡಗ್ಲಸ್ ಬೇರೆಯವರ ಕೈಯಿಂದ ಬರೆಸದೆ ತನ್ನದೇ ಶೈಲಿಯಲ್ಲಿ, 'ತನ್ನ ಶಕ್ತ್ಯಾನುಸಾರ' ಬರೆದದ್ದು ಯೋಗ್ಯವಾಗಿದೆ ಎಂಬ ಶಿಫಾರಸು ಆಮೇಲೆ ಬರುತ್ತದೆ. ಮುನ್ನುಡಿಯ ಹಿಂದೆಯೇ ಅದೇ ಚಳವಳಿಯ ಇನ್ನೊಬ್ಬ ಬಿಳಿಯ ಮುಂದಾಳು ವೆಂಡೆಲ್ ಫಿಲಿಪ್ಸನ ಪತ್ರ. ಇವೆರಡನ್ನೂ ದಾಟಿದರೆ ಲೇಖಕ ಸಿಗುತ್ತಾನೆ. ವೇದಿಕೆಯ ಮೇಲೂ ಇದೇ ಪಾಡು: 'ನೀನು ಸಂಗತಿಗಳನ್ನು ಹೇಳು, ತತ್ತ್ವವನ್ನು ನಾವು ನೋಡಿಕೊಳ್ಳುತ್ತೇವೆ' ಎಂದು ಚಳವಳಿಯ ಗೆಳೆಯರೇ ತನಗೆ ಹೇಳುತ್ತಿದ್ದರೆಂದು ಡಗ್ಲಸ್ 1855ರ ಎರಡನೆಯ ಆತ್ಮಕಥೆಯಲ್ಲಿ ನೆನೆದಿದ್ದಾನೆ. ಮಾತಿನಲ್ಲಿ ತೋಟದ ಗುಲಾಮರ ಧಾಟಿ ಒಂದಿಷ್ಟು ಉಳಿದಿರಲಿ, ತೀರಾ ಓದಿದವನಂತೆ ಕಂಡರೆ ಜನ ನಂಬುವುದಿಲ್ಲ ಎಂಬ ಸಲಹೆಯೂ ಸಿಕ್ಕಿತ್ತಂತೆ. ಆ ಎರಡನೆಯ ಪುಸ್ತಕಕ್ಕೆ ಮುನ್ನುಡಿ ಬರೆದವನು ಜೇಮ್ಸ್ ಮೆಕ್ಯೂನ್ ಸ್ಮಿತ್, ಗ್ಲಾಸ್ಗೋದಲ್ಲಿ ಓದಿದ ಕಪ್ಪು ವೈದ್ಯ. ಆ ಹತ್ತು ವರ್ಷಗಳಲ್ಲಿ ಡಗ್ಲಸ್ ಯಾವ ಪಾಠ ಕಲಿತಿದ್ದನೆಂಬುದು ಆ ಒಂದು ಆಯ್ಕೆಯಲ್ಲೇ ಗೊತ್ತಾಗುತ್ತದೆ.

ಮೊದಲ ಪುಸ್ತಕ ಬಂದಾಗ ನಡೆದ ಒಂದು ತಮಾಷೆಯನ್ನು ಹೇಳದಿರಲಾರೆ. ಅವನನ್ನು ಹಿಂದೆ ಬಲ್ಲ ಥಾಂಪ್ಸನ್ ಎಂಬಾತ ಪತ್ರಿಕೆಗೆ ಬರೆದು, ಆ ಗುಲಾಮ ಓದುಬರಹ ಬಾರದವನು, ಇಂಥ ಪುಸ್ತಕ ಅವನಿಂದ ಸಾಧ್ಯವೇ ಇಲ್ಲ ಎಂದು ಜರಿದ. ಡಗ್ಲಸ್ ಅವನಿಗೆ ಸಾರ್ವಜನಿಕವಾಗಿ ಕೃತಜ್ಞತೆ ಸಲ್ಲಿಸಿದ: ನಾನು ಗುಲಾಮನಾಗಿದ್ದೆನೆಂಬುದನ್ನೇ ಜನ ನಂಬುತ್ತಿರಲಿಲ್ಲ, ತಾವು ಸಾಕ್ಷಿ ಹೇಳಿ ಉಪಕಾರ ಮಾಡಿದಿರಿ ಎಂದು.

ಈ ಸಾಕ್ಷಿ ಕೇಳುವ ಚಾಳಿ ಹಳೆಯದು. ಆಫ್ರಿಕಾದಿಂದ ಏಳೆಂಟು ವರ್ಷದ ಮಗುವಾಗಿ ಬಾಸ್ಟನ್ನಿಗೆ ಬಂದು ಬಿಕರಿಯಾದ ಫಿಲ್ಲಿಸ್ ವೀಟ್ಲಿಯ ಕವನ ಸಂಕಲನ 1773ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ, ಈ ಪದ್ಯಗಳನ್ನು ಬರೆದದ್ದು ಅವಳೇ ಎಂದು ಬಾಸ್ಟನ್ನಿನ 18 ಗಣ್ಯ ಗಂಡಸರು ರುಜು ಹಾಕಿದ ಪತ್ರವೊಂದು ಅದರಲ್ಲಿತ್ತು. ರುಜು ಹಾಕಿದವರಲ್ಲಿ ಪ್ರಾಂತ್ಯದ ಗವರ್ನರನೂ ಇದ್ದ. ಇಷ್ಟಾದರೂ ಥಾಮಸ್ ಜೆಫರ್ಸನ್, ಅವಳ ಹೆಸರಿನಲ್ಲಿ ಪ್ರಕಟವಾದ ರಚನೆಗಳು ವಿಮರ್ಶೆಗೂ ಯೋಗ್ಯವಲ್ಲ ಎಂದು ಬರೆದ. 'ಅವಳ ಹೆಸರಿನಲ್ಲಿ ಪ್ರಕಟವಾದ' ಎಂಬ ಜಾಣತನವನ್ನು ಗಮನಿಸಿ. ಬರ್ಮುಡಾದಲ್ಲಿ ಹುಟ್ಟಿದ ಮೇರಿ ಪ್ರಿನ್ಸ್ ತನ್ನ ಕಥೆಯನ್ನು ಲಂಡನ್ನಿನಲ್ಲಿ ಹೇಳಿ ಬರೆಸಿ, ಅದು 1831ರಲ್ಲಿ ಪ್ರಕಟವಾಯಿತು. 'ನಾನು ಗುಲಾಮಳಾಗಿದ್ದವಳು, ಗುಲಾಮರಿಗೆ ಏನನ್ನಿಸುತ್ತದೆಂದು ನನಗೆ ಗೊತ್ತು' ಎಂದು ಅವಳು ಹೇಳಿದ್ದು ಸಾಲಲಿಲ್ಲ. ಬರ್ಮಿಂಗ್‌ಹ್ಯಾಮಿನ ಮಹಿಳಾ ಸಂಘದವರು ಅವಳ ಬೆನ್ನ ಮೇಲಿನ ಬಾಸುಂಡೆಯ ಗುರುತುಗಳ ಬಗ್ಗೆ ವಿಚಾರಿಸಿದರು. ಸಂಪಾದಕನ ಹೆಂಡತಿ ಆ ಬೆನ್ನನ್ನು ನೋಡಿ ಬರೆದ ಪತ್ರವನ್ನು ಮುಂದಿನ ಮುದ್ರಣದಲ್ಲಿ ಅನುಬಂಧವಾಗಿ ಸೇರಿಸಲಾಯಿತು. ಇವರೆಲ್ಲ ಗುಲಾಮಗಿರಿಯ ವಿರೋಧಿಗಳು, ಒಳ್ಳೆಯ ಜನ ಎಂಬುದನ್ನು ಮರೆಯಬೇಡಿ.

ನನಗೆ ಎಲ್ಲರಿಗಿಂತ ಹತ್ತಿರದವಳು ಹ್ಯಾರಿಯೆಟ್ ಜೇಕಬ್ಸ್. ಪಾಠ ಮಾಡುತ್ತಿದ್ದ ಕಾಲದಲ್ಲಿ ಪಠ್ಯದಲ್ಲಿ ಇಲ್ಲದಿದ್ದರೂ ಅವಳನ್ನು ತರಗತಿಗೆ ಎಳೆದು ತಂದು ವಿಭಾಗದವರ ಕೈಯಲ್ಲಿ ಬೈಸಿಕೊಂಡದ್ದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ನಾರ್ತ್ ಕ್ಯಾರೊಲೈನಾದ ಈಡೆಂಟನ್ ಊರಿನಲ್ಲಿ, ತನ್ನನ್ನು ಬಯಸಿ ಕಾಡುತ್ತಿದ್ದ ಒಡೆಯನಿಂದ ಪಾರಾಗಲು ಅವಳು ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿ ಕುಳಿತಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಹೆಚ್ಚೆಂದರೆ ಮೂರು ಅಡಿ. ಬೈರಿಗೆಯಿಂದ ಕೊರೆದ ತೂತುಗಳ ಮೂಲಕ, ಕೆಳಗೆ ಆಡುವ ತನ್ನ ಮಕ್ಕಳನ್ನು ಅವರಿಗೆ ತಿಳಿಯದಂತೆ ನೋಡುತ್ತಿದ್ದಳು. ಉತ್ತರಕ್ಕೆ ಓಡಿಬಂದ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಆಳಾಗಿ ದುಡಿಯುತ್ತ, ರಾತ್ರಿಗಳಲ್ಲಿ ಗುಟ್ಟಾಗಿ ಪುಸ್ತಕ ಬರೆದಳು. ನೆರವು ಕೋರಿ ಅವಳ ಪರವಾಗಿ ಸ್ಟೋವ್‌ಗೆ ಪತ್ರ ಹೋಗಿತ್ತು. ಸ್ಟೋವ್ ಮಾಡಿದ್ದೇನೆಂದರೆ, ಈ ಕಥೆ ನಿಜವೇ ಎಂದು ಕೇಳಿ ಆ ಪತ್ರವನ್ನು ಜೇಕಬ್ಸ್ ಕೆಲಸಕ್ಕಿದ್ದ ಮನೆಯೊಡತಿಗೇ ಕಳಿಸಿದ್ದು! ಆ ಮನೆಯೊಡತಿಗೂ ಹೇಳಿಕೊಳ್ಳದೆ ಉಳಿಸಿಕೊಂಡಿದ್ದ ಗುಟ್ಟುಗಳು ಅದರಲ್ಲಿದ್ದವು. ಜೊತೆಗೆ, ನಿಜವಾಗಿದ್ದರೆ ತನ್ನದೇ ಹೊಸ ಪುಸ್ತಕದಲ್ಲಿ ಅದನ್ನು ಬಳಸಿಕೊಳ್ಳುವ ಇಚ್ಛೆ ಬೇರೆ. ಜೇಕಬ್ಸ್ ಒಪ್ಪಲಿಲ್ಲ. ಕೊನೆಗೆ ಪ್ರಕಾಶಕರು ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡಳ ಮುನ್ನುಡಿ ಇದ್ದರೆ ಮಾತ್ರ ಎಂದರು. ಮುನ್ನುಡಿ ಸಿಕ್ಕಿತು, ಅಷ್ಟರಲ್ಲಿ ಪ್ರಕಾಶಕರೇ ದಿವಾಳಿಯೆದ್ದರು. ಅಚ್ಚಿನ ಫಲಕಗಳನ್ನು ತಾನೇ ಕೊಂಡು, 1861ರಲ್ಲಿ ಪುಸ್ತಕ ತಂದಳು. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಅದನ್ನು ಚೈಲ್ಡಳೇ ಕಟ್ಟಿದ ಕಾದಂಬರಿಯಿರಬೇಕೆಂದು ಶಂಕಿಸಿ ಮೂಲೆಗೆ ತಳ್ಳಿದರು. ಜೀನ್ ಫೇಗನ್ ಯೆಲಿನ್ ಎಂಬ ವಿದುಷಿ ಜೇಕಬ್ಸಳ ಪತ್ರಗಳನ್ನು ಹುಡುಕಿ ತೆಗೆದು ಕರ್ತೃತ್ವವನ್ನು ಸ್ಥಾಪಿಸಿದ್ದು 1980ರ ದಶಕದಲ್ಲಿ. ಅಂದರೆ ಜೇಕಬ್ಸಳ ವಿಷಯದಲ್ಲಿ ಆಪಾದನೆ ತಿರುಗುಮುರುಗಾಗಿತ್ತು: ಬರಹ ತೀರಾ ಚೆನ್ನಾಗಿದೆ, ಆದ್ದರಿಂದ ದಾಖಲೆಯಲ್ಲ! ಚೆನ್ನಾಗಿದ್ದರೆ ಅದು ಅವರದಲ್ಲ, ಅವರದಾದರೆ ಸಾಹಿತ್ಯವಲ್ಲ. ಈ ನ್ಯಾಯದಲ್ಲಿ ಗುಲಾಮರು ಗೆಲ್ಲುವ ದಾರಿ ಯಾವುದು?

ಅವಳನ್ನು ಮನೆಯೊಡತಿ ಹಣ ಕೊಟ್ಟು ಬಿಡಿಸಿದ ಪ್ರಸಂಗವನ್ನು ಓದಬೇಕು. ಸ್ವತಂತ್ರ ನ್ಯೂಯಾರ್ಕ್ ನಗರದಲ್ಲಿ ಮನುಷ್ಯಜೀವಿಯೊಂದರ ಮಾರಾಟ ನಡೆಯಿತು, ಕ್ರಯಪತ್ರ ದಾಖಲೆಯಲ್ಲಿದೆ, ಕ್ರೈಸ್ತಧರ್ಮದ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಂಗಸರು ವ್ಯಾಪಾರದ ಸರಕಾಗಿದ್ದರೆಂದು ಮುಂದಿನ ಪೀಳಿಗೆಗಳು ಅದರಿಂದ ತಿಳಿಯಲಿ ಎನ್ನುತ್ತಾಳೆ. ದಾಖಲೆ ಬೇಕೆನ್ನುವವರಿಗೆ ಆ ಕ್ರಯಪತ್ರವಿದೆ. ಅದನ್ನು ತೋರಿಸಿ ಒಂದು ಶತಮಾನವನ್ನೇ ಅಣಕಿಸುವ ಆ ದನಿಗೆ ಬೇರೆ ಹೆಸರು ಬೇಕು. 'ಓದುಗರೇ, ನನ್ನ ಕಥೆ ಸ್ವಾತಂತ್ರ್ಯದಲ್ಲಿ ಮುಗಿಯುತ್ತದೆ. ವಾಡಿಕೆಯಂತೆ ಮದುವೆಯಲ್ಲಲ್ಲ' ಎಂದು ಬರೆದವಳಿಗೆ ಆ ಕಾಲದ ಕಾದಂಬರಿಗಳ ಮರ್ಮವೆಲ್ಲ ಗೊತ್ತಿತ್ತು.

ಈಗ ಕಮೆಂಟಿನಲ್ಲಿ ಬರುವ ಆಕ್ಷೇಪಕ್ಕೆ ಮೊದಲೇ ಉತ್ತರ ಕೊಡುತ್ತೇನೆ. ಸ್ಟೋವ್‌ಳ ಕಾದಂಬರಿ 1852ರಲ್ಲಿ ಬಂದು ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಸುಮಾರು 3 ಲಕ್ಷ ಪ್ರತಿ ಖರ್ಚಾಯಿತು, ಅಷ್ಟು ಜನರನ್ನು ತಟ್ಟಿದ ಪುಸ್ತಕವನ್ನು ಹಳಿಯುವುದು ಸರಿಯೇ ಎನ್ನುತ್ತೀರಿ. ಖರ್ಚಾದ ಪ್ರತಿಗಳೇ ಅಳತೆಯಾದರೆ ನಾವು ಪ್ರತಿ ಯುಗಾದಿಗೂ ಪಂಚಾಂಗಕ್ಕೆ ಪ್ರಶಸ್ತಿ ಕೊಡಬೇಕಾಗುತ್ತದೆ. ಡಗ್ಲಸನೇ ಆ ಕಾದಂಬರಿಯನ್ನು ಮೆಚ್ಚಿದ್ದ, ಅದನ್ನು ಅಲ್ಲಗಳೆಯಲಾರೆ. ನಿಜ ಹೇಳಬೇಕೆಂದರೆ, ಮಗುವನ್ನು ಎತ್ತಿಕೊಂಡ ಎಲೈಜಾ ಓಹಾಯೊ ನದಿಯ ಮಂಜುಗಡ್ಡೆಗಳ ಮೇಲೆ ಜಿಗಿಯುತ್ತ ದಾಟುವ ಪುಟಗಳಲ್ಲಿ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ. ಆದರೆ ಸ್ಟೋವ್ ಅಂಥ ಸಂಗತಿಗಳನ್ನು ಎಲ್ಲಿಂದ ಪಡೆದಳು? 1853ರಲ್ಲಿ ತನ್ನ ಕಾದಂಬರಿಯ ಆಧಾರಗಳನ್ನು ವಿವರಿಸಲು ತಂದ ಪುಸ್ತಕದಲ್ಲಿ, ಗುಲಾಮನಾಗಿದ್ದ ಜೊಸಾಯಾ ಹೆನ್ಸನ್ನನ ಆತ್ಮಕಥನವನ್ನು ಅವಳೇ ಹೆಸರಿಸಿದ್ದಾಳೆ. ಅವಳ ಮನೆಯ ಬಾಗಿಲಿಗೆ ಬಂದದ್ದು ಸಾಹಿತ್ಯ, ಅದು ಹೊರಟ ಮನೆಯಲ್ಲಿದ್ದದ್ದು ದಾಖಲೆ ಎಂದರೆ ಒಪ್ಪುವುದು ಹೇಗೆ?

ಮುನ್ನುಡಿಯಿಲ್ಲದೆ ಆ ಕಾಲದ ಬಿಳಿಯರು ಆ ಪುಸ್ತಕಗಳನ್ನು ಮುಟ್ಟುತ್ತಿರಲಿಲ್ಲ ಎಂಬ ವಾದವೂ ಇದೆ. ಆಗಲಿ, 1845ಕ್ಕೆ ಆ ಮಾತು ಸಲ್ಲುತ್ತದೆ. ನಿನ್ನೆಯ ಸಭೆಯಲ್ಲಿ ಯಾವ ತೋಟದ ಒಡೆಯ ಕುಳಿತಿದ್ದ?

ಇದು ದೂರದ ಊರಿನ ವಿಷಯ, ಇವಳಿಗೇಕೆ ಇಷ್ಟು ಸಿಟ್ಟು ಎನ್ನುವವರಿಗೆ ಎರಡು ಸಂಗತಿ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾಯಿದೆ ತಂದಾಗ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಅದರಿಂದ ಹೊರಗಿಟ್ಟಿತು; ಇಲ್ಲಿನ ಕಾಯಿದೆ ಬಂದದ್ದು 1843ರಲ್ಲಿ. ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು, ನೀಗ್ರೋ ಗುಲಾಮಗಿರಿಯ ವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ. ದೂರ ಎಷ್ಟೆಂದು ಅವರಿಗೂ ಗೊತ್ತಿತ್ತು.

ಇನ್ನೊಂದು ಕಾರಣ ನನ್ನದೇ. ನನ್ನ ಮೊದಲ ಸಂಕಲನಕ್ಕೆ ಹಿರಿಯರೊಬ್ಬರ ಮುನ್ನುಡಿ ಇರಲೇಬೇಕೆಂದು ಪ್ರಕಾಶಕರು ಹಟ ಹಿಡಿದಿದ್ದರು. ಆ ಹಿರಿಯರು ಬರೆದರು. ಬಹುಪಾಲು ತಮ್ಮ ಬಾಲ್ಯದ ಬಗ್ಗೆ ಬರೆದು, ಕೊನೆಯ ಪ್ಯಾರಾದಲ್ಲಿ 'ಗೃಹಿಣಿಯ ಅನುಭವಗಳ ಪ್ರಾಮಾಣಿಕ ದಾಖಲೆ' ಎಂದು ನನ್ನ ಬೆನ್ನು ತಟ್ಟಿದರು. ಆಗ ನಾನು ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ. ನನ್ನ ಪಾಡನ್ನು ಜೇಕಬ್ಸಳ ಪಾಡಿನ ಪಕ್ಕದಲ್ಲಿಡುವಷ್ಟು ಬುದ್ಧಿಗೇಡಿ ನಾನಲ್ಲ, ಆದರೆ 'ದಾಖಲೆ' ಎಂದು ನಗುವವರ ಮುಖ ಹೇಗಿರುತ್ತದೆಂದು ಹತ್ತಿರದಿಂದ ನೋಡಿದ್ದೇನೆ.

ಪ್ರಶ್ನೆ ಕೇಳಿದ ಆ ಹುಡುಗಿ ಯಾರೆಂದು ಗೊತ್ತಿದ್ದವರು ಅವಳಿಗೆ ಇದನ್ನು ತಲುಪಿಸಿ. ಡಗ್ಲಸ್, ಜೇಕಬ್ಸ್, ಪ್ರಿನ್ಸ್, ಮೂವರ ಪುಸ್ತಕಗಳೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಡಗ್ಲಸ್ ಚಿಕ್ಕ ಪುಸ್ತಕ, ಅಲ್ಲಿಂದ ಶುರುಮಾಡಲಿ. ಗ್ಯಾರಿಸನ್ನನ ಮುನ್ನುಡಿಯನ್ನು ಕೊನೆಗೆ ಓದಿದರೆ ಸಾಕು.