ಸತ್ಯಾಂಶ: ಮೂರೇ ಸಲ ಸೂಜಿ ಚುಚ್ಚಿದರೆ ಅಲರ್ಜಿ ಹೋಗುತ್ತಾ?

"ಮೂರು ಸಲ ಅಕ್ಯುಪಂಕ್ಚರ್ ಮಾಡಿಸಿ, ಅಲರ್ಜಿ ಬುಡಸಮೇತ ಹೋಗುತ್ತೆ, ಇನ್ಹೇಲರ್ ಎಸೆಯಿರಿ" ಅನ್ನೋ ಮೆಸೇಜ್ ಹುಬ್ಬಳ್ಳಿಯ ಗ್ರೂಪುಗಳಲ್ಲಿ ಓಡಾಡುತ್ತಿದೆ. ಖಾಲಿ ಸೈಟಿನ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟಾಗ, ಎದ್ದ ಕೂಡಲೇ ಹತ್ತು ಸಲ ಸೀನುವವರಿಗೆ ಆಸೆ ಆಗುತ್ತೆ, ಅಲ್ವಾ?

ಅಕ್ಯುಪಂಕ್ಚರ್ ಅನ್ನೋ ಈ ಚೀನೀ ಸೂಜಿ ಚಿಕಿತ್ಸೆ ಪೂರ್ತಿ ಸುಳ್ಳೂ ಅಲ್ಲ. ಜರ್ಮನಿಯಲ್ಲಿ ಪರಾಗದ ಅಲರ್ಜಿ ಇದ್ದ 422 ಜನರನ್ನು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. 12 ಸಲ ಅಕ್ಯುಪಂಕ್ಚರ್ ಮಾಡಿಸಿಕೊಂಡವರಿಗೆ 8 ವಾರಕ್ಕೆ ಉಳಿದವರಿಗಿಂತ ತೊಂದರೆ ಸ್ವಲ್ಪ ಕಡಿಮೆಯಾಗಿತ್ತು. 16ನೇ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. ಬುಡ ಅಲ್ಲೇ ಇತ್ತು.

ಸೂಜಿಯ ಜೊತೆಗೆ ಕೇಳಿಬರುವ, ಚೀನಾದ ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಅನ್ನೋದು ಇನ್ನೂ ಅಪಾಯದ ಮಾತು. ಅಲ್ಲಿನ ಮಾ ಹುವಾಂಗ್ ಅನ್ನೋ ಮೂಲಿಕೆಯಲ್ಲಿ ಎಫೆಡ್ರಿನ್ ಅನ್ನೋ ರಾಸಾಯನಿಕ ಇರುತ್ತದೆ, ಬಿಪಿ ಏರಿಸುತ್ತದೆ. ಅದು ಸೇರಿದ ಸಪ್ಲಿಮೆಂಟ್‌ಗಳನ್ನು ಅಮೆರಿಕ 2004ರಲ್ಲೇ ನಿಷೇಧಿಸಿತು.

ಸೂಜಿ ಬೇಕಿದ್ದರೆ ಹಾಕಿಸಿಕೊಳ್ಳಿ, ಹೊಸ ಪ್ಯಾಕೆಟ್ ಒಡೆಯೋದನ್ನು ಕಣ್ಣಾರೆ ನೋಡಿ. ಉಬ್ಬಸ ಇದ್ದವರು ಡಾಕ್ಟರನ್ನು ಕೇಳದೆ ಇನ್ಹೇಲರ್ ಮಾತ್ರ ಬಿಡಬೇಡಿ.