ಸತ್ಯಾಂಶ: ಕತ್ತಿ ಹಾಕಿದರೆ ಗಡ್ಡ ದಪ್ಪ ಬರುತ್ತಾ?

ಬದಿಯಡ್ಕದ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು: ‘ಹುಡುಗರು ಹಳೇ ಕಾಲದ ಮಡಚುವ ಕತ್ತಿಯಲ್ಲೇ ಕ್ಷೌರ ಕಲಿಯಲಿ, ಗಡ್ಡ ದಪ್ಪಗೆ ಬೆಳೆಯುತ್ತದೆ.’ ಭಾವನ ಮಗ ಆಗಲೇ ಕತ್ತಿ ತರಿಸಿಬಿಟ್ಟಿದ್ದಾನೆ!

ಹಾಗೇನೂ ಆಗುವುದಿಲ್ಲ. ಕೂದಲು ಬೆಳೆಯುವುದು ಚರ್ಮದ ಒಳಗಿನ ಬುಡದಿಂದ. ಕತ್ತಿ ಕತ್ತರಿಸುವುದು ಹೊರಗಿನ ಎಳೆಯನ್ನು ಮಾತ್ರ, ಅದಕ್ಕೆ ಜೀವವೇ ಇಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಅಳೆದು ನೋಡಿದ್ದರು. ಬೋಳಿಸಿದ್ದರಿಂದ ಕೂದಲಿನ ದಪ್ಪವೂ ಹೆಚ್ಚಲಿಲ್ಲ, ಬೆಳೆಯುವ ವೇಗವೂ ಹೆಚ್ಚಲಿಲ್ಲ.

ಮತ್ತೆ ಬೋಳಿಸಿದ ಗಡ್ಡ ಕೈಗೆ ಚುಚ್ಚುವುದು ಯಾಕೆ? ಗದ್ದೆಗೆ ಹೋಗಿ ನೋಡಿ. ನಿಂತ ಪೈರಿನ ತುದಿ ಸಪೂರ, ಮೆತ್ತಗೆ. ಕೊಯ್ದ ಮೇಲೆ ಅಲ್ಲೇ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತದೆ, ಅಲ್ವಾ? ಗಡ್ಡದ ಕತೆಯೂ ಅಷ್ಟೇ. ಇನ್ನು ಹದಿನೇಳು ಹದಿನೆಂಟರ ಹುಡುಗರಿಗೆ ಗಡ್ಡ ಹೇಗೂ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಹೆಸರು ಸುಮ್ನೆ ಕತ್ತಿಗೆ.

ಆಸೆ ಇದ್ದರೆ ಕಲಿಯಲಿ. ಬಿಸಿನೀರಲ್ಲಿ ಗಡ್ಡ ಮೆತ್ತಗೆ ಮಾಡಿ, ಚರ್ಮ ಬಿಗಿಯಾಗಿ ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ಓರೆ ಇಟ್ಟು, ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಮೊದಲ ವಾರ ಕೆನ್ನೆ ಮಾತ್ರ. ಗದ್ದಕ್ಕೆ ಅವಸರ ಬೇಡ.