ಮೂರನೇ ಬೆರಳು

‘ನಿಮ್ಮ ಖರೀದಿಗೆ ಧನ್ಯವಾದ’ ಅಂತ ಒಂದು ಮೇಲ್ ಬಂದರೆ ಸಾಕು, ಏನೂ ಕೊಳ್ಳದವರ ಎದೆ ಧಸಕ್ ಅನ್ನುತ್ತದೆ. ನನಗೆ ಅಂಥವು ಸಾಲಾಗಿ ಬಂದಿದ್ದವು. ಎಲ್ಲವೂ ಚಿಲ್ಲರೆ ಮೊತ್ತ. ಎಲ್ಲವೂ ಮಧ್ಯಾಹ್ನದ ಹೊತ್ತು. ಕೊಂಡ ಸಾಮಾನು ಏನಪ್ಪಾ ಅಂದರೆ, ಟ್ಯಾಬಿನ ಯಾವುದೋ ಆಟದೊಳಗಿನ ‘ನೀರಿನ ಹನಿ, ಮಧ್ಯಮ ಚೀಲ’.

ಇವರು ಕೂತಲ್ಲೇ ತೀರ್ಪು ಕೊಟ್ಟರು. “ಟ್ಯಾಬ್ ಹ್ಯಾಕ್ ಆಗಿದೆ. ಫ್ಯಾಕ್ಟರಿ ರೀಸೆಟ್ ಮಾಡಿಬಿಡೋಣ.”

ಯಾವ ಯಂತ್ರ ಕೈಕೊಟ್ಟರೂ ಇವರ ಬಳಿ ಇರುವುದು ಎರಡೇ ಮದ್ದು. ಒಂದು, ಆಫ್ ಮಾಡಿ ಆನ್ ಮಾಡುವುದು. ಇನ್ನೊಂದು, ಎಲ್ಲವನ್ನೂ ಅಳಿಸುವುದು. ಆದರೆ ಪಾಸ್‌ವರ್ಡ್ ಕದ್ದವನು ತನ್ನ ಮನೆಯಲ್ಲೇ ಕೂತು ನಮ್ಮ ಖಾತೆಯಿಂದ ಕೊಳ್ಳಬಹುದು. ಅವನಿಗೆ ನಮ್ಮ ಟ್ಯಾಬ್ ಯಾಕೆ ಬೇಕು? ಅಳಿಸಿದರೆ ಹೋಗುವುದು ನಮ್ಮ ಫೋಟೋಗಳೇ ಹೊರತು ಕಳ್ಳ ಅಲ್ಲ. ಇಷ್ಟು ಹೇಳಿದ್ದಕ್ಕೆ “ಹಾಗಾದ್ರೆ ನೀನೇ ನೋಡ್ಕೋ” ಅಂದರು. ತನಿಖೆ ನನ್ನ ಪಾಲಿಗೆ ಬಂತು.

ಮೊದಲು ಆ ಮೇಲ್‌ಗಳೇ ನಿಜವೋ ಸುಳ್ಳೋ ನೋಡಬೇಕಲ್ವಾ? ಸುಳ್ಳು ರಸೀದಿ ಕಳಿಸಿ, ‘ಇದು ನೀವಲ್ಲದಿದ್ದರೆ ಇಲ್ಲಿ ಒತ್ತಿ’ ಅಂತ ಬಲೆ ಬೀಸುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಲಿಂಕ್ ಮುಟ್ಟದೆ ನೇರ ಖಾತೆಗೇ ಹೋಗಿ ಖರೀದಿಯ ಪಟ್ಟಿ ತೆಗೆದೆ. ಹನಿಗಳು ಅಲ್ಲೂ ಇದ್ದವು. ಬ್ಯಾಂಕಿನ ಮೆಸೇಜ್‌ಗಳಲ್ಲೂ ಇದ್ದವು. ಕದ್ದ ಕಾರ್ಡ್ ಇನ್ನೂ ನಡೆಯುತ್ತಾ ಅಂತ ಪರೀಕ್ಷೆ ಮಾಡಲು ಕಳ್ಳರು ಮೊದಲು ಚಿಕ್ಕ ಮೊತ್ತ ಎಳೆದು ನೋಡುವುದುಂಟು. ಅದು ನೆನಪಾಗಿ ಕೈಕಾಲು ತಣ್ಣಗಾಯಿತು.

ಖಾತೆಗೆ ಯಾವ ಯಾವ ಸಾಧನ ಲಾಗಿನ್ ಆಗಿವೆ ಅಂತ ತೋರಿಸುವ ಪುಟ ಒಂದಿರುತ್ತದೆ. ತೆರೆದರೆ ನನ್ನ ಫೋನ್, ಟ್ಯಾಬ್, ಆಮೇಲೆ ಅಕ್ಷರ, ಅಂಕಿ ಬೆರೆಸಿದ ಹೆಸರಿನ ಇನ್ನೊಂದು ಸಾಧನ. ಊರು ಕೂಡ ನಮ್ಮದಲ್ಲ! “ಸಿಕ್ಕಿಬಿದ್ದ!” ಅಂತ ಕೂಗಿದೆ. ಇವರು ಸಾವಕಾಶವಾಗಿ ಎದ್ದು ಹೋಗಿ ಟಿವಿಯ ಹಿಂಭಾಗ ನೋಡಿ ಬಂದರು. ಅದೇ ಹೆಸರು. ಅಲ್ಲಿ ತೋರಿಸುವ ಊರು ಇಂಟರ್‌ನೆಟ್ ವಿಳಾಸದ ಮೇಲೆ ಹಾಕಿದ ಅಂದಾಜು ಅಷ್ಟೇ, ಅದನ್ನು ನಂಬಿ ಪೊಲೀಸರ ಹತ್ತಿರ ಓಡಬಾರದು. ಆದರೂ ಇರಲಿ ಅಂತ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗೌಟ್ ಮಾಡಿದೆ. ಟಿವಿಯೂ ಲಾಗೌಟ್ ಆಯಿತು. ಧಾರಾವಾಹಿ ನಿಂತಿದ್ದಕ್ಕೆ ಮಾವನವರು ನನ್ನನ್ನು ನೋಡಿದ ನೋಟ ಬೇಡ ಬಿಡಿ. ಹೊಸ ಪಾಸ್‌ವರ್ಡನ್ನು ಟಿವಿಗೂ ಟ್ಯಾಬ್‌ಗೂ ನಾನೇ ಹಾಕಿಕೊಟ್ಟೆ.

ಮರುದಿನ ಮಧ್ಯಾಹ್ನ ಮತ್ತೆ ಮೇಲ್. ಈ ಸಲ ದೊಡ್ಡ ಚೀಲ.

ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಇಂಥ ಹೊತ್ತಲ್ಲಿ ಅನುಮಾನ ಮಕ್ಕಳ ಮೇಲೇ ಹೋಗುತ್ತದೆ, ಅದಕ್ಕೆ ಕಾರಣವೂ ಉಂಟು. ಒಮ್ಮೆ ಪಾಸ್‌ವರ್ಡ್ ಹಾಕಿದರೆ 15 ನಿಮಿಷ ಮತ್ತೆ ಕೇಳುವುದಿಲ್ಲ, ಅಷ್ಟರಲ್ಲಿ ಮಕ್ಕಳು ಆಟದೊಳಗೆ ಎಷ್ಟು ಬೇಕಾದರೂ ಕೊಂಡುಬಿಡುತ್ತಾರೆ ಅಂತ ಅಮೆರಿಕದಲ್ಲಿ ದೊಡ್ಡ ದೂರೇ ಆಗಿತ್ತು. 2014ರಲ್ಲಿ ಆಪಲ್ ಕಂಪನಿ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಗಿ, ಗ್ರಾಹಕರಿಗೆ ಕನಿಷ್ಠ 3.25 ಕೋಟಿ ಡಾಲರ್ ವಾಪಸ್ ಕೊಡಲು ಒಪ್ಪಿತು. ಇಷ್ಟೆಲ್ಲ ಇತಿಹಾಸ ಬೆನ್ನಿಗಿಟ್ಟುಕೊಂಡು ಮಗಳನ್ನು ವಿಚಾರಣೆಗೆ ಕರೆದೆ.

“ಅಮ್ಮಾ, ಮಧ್ಯಾಹ್ನ ನಾನು ಸ್ಕೂಲಲ್ಲಿರ್ತೀನಿ. ಅಲ್ಲದೆ ನಾನಾಗಿದ್ರೆ ನೀರು ಯಾಕೆ ತಗೋತಿದ್ದೆ? ವಜ್ರ ತಗೋತಿದ್ದೆ.”

ವಾದದಲ್ಲಿ ಹುಳುಕು ಸಿಗಲಿಲ್ಲ.

ಕೊನೆಗೆ ಸೆಟ್ಟಿಂಗ್ಸ್ ಜಾಲಾಡುವಾಗ ಬೆರಳಚ್ಚಿನ ಪುಟ ಸಿಕ್ಕಿತು. ಬೆರಳು 1, ಬೆರಳು 2, ಬೆರಳು 3. ಮೊದಲನೆಯದು ನನ್ನದು, ಎರಡನೆಯದು ಇವರದು. ಮೂರನೆಯದು ಯಾರದು? ಆ ಪುಟದಲ್ಲಿ ಬೆರಳಿಟ್ಟರೆ, ಅದು ಯಾವ ಸಾಲಿನದೋ ಆ ಸಾಲು ಒಂದು ಕ್ಷಣ ಬಣ್ಣ ಬದಲಿಸುತ್ತದೆ. ಮಗಳ ಹತ್ತೂ ಬೆರಳು ಇಡಿಸಿದೆ. ಏನೂ ಆಗಲಿಲ್ಲ. ಇವರ ಎಡಗೈಯನ್ನೂ ಬಿಡಲಿಲ್ಲ. ಅಷ್ಟರಲ್ಲಿ ಮಾವನವರು ಒಳಗಿಂದ ಬಂದರು. “ಏನದು, ಎಲ್ಲಾ ಒತ್ತುತಾ ಇದೀರಿ?” ಅಂತ ಕೇಳುತ್ತಲೇ ತಮ್ಮ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಗಾಂಭೀರ್ಯದಲ್ಲಿ ಇಟ್ಟರು.

ಮೂರನೇ ಸಾಲು ಬೂದು ಬಣ್ಣಕ್ಕೆ ತಿರುಗಿತು.

ಮಗಳು ಕಾಲಿನ ಉಗುರು ನೋಡತೊಡಗಿದಳು. ಪೇಪರ್ ಓದಲು ತಾತ ಪ್ರತಿಸಲ ಟ್ಯಾಬ್ ತೆರೆದುಕೊಡು ಅಂತ ಅವಳನ್ನೇ ಕೂಗುತ್ತಿದ್ದರಂತೆ. ಟ್ಯಾಬಿನ ಪಿನ್ ಅವಳಿಗೆ ಬಾಯಿಪಾಠ. ತಾತನ ಬೆರಳನ್ನೂ ಸೇರಿಸಿ ಕೈತೊಳೆದುಕೊಂಡಿದ್ದಾಳೆ. ಬೀಗ ತೆಗೆಯುವ ಬೆರಳೇ ಖರೀದಿಗೂ ಒಪ್ಪಿಗೆ ಅನ್ನುವುದು ತಾತನಿಗೂ ಗೊತ್ತಿಲ್ಲ, ಮೊಮ್ಮಗಳಿಗೂ ಗೊತ್ತಿಲ್ಲ.

“ಮಾವ, ನೀವು ಆಟದಲ್ಲಿ ಏನಾದ್ರೂ ತಗೊಂಡ್ರಾ?”

“ತಗೊಳ್ಳೋದೇನಮ್ಮ? ತೋಟ ಒಣಗ್ತಾ ಇತ್ತು. ನೀರು ಬೇಕಾ ಅಂತ ಅದೇ ಕೇಳ್ತು. ಬೇಡ ಅನ್ನೋಕಾಗುತ್ತಾ? ಬೆರಳಿಡಿ ಅಂತು, ಇಟ್ಟೆ.”

ಬೆರಳನ್ನು ಪೇಪರಿಗೆ ಉಳಿಸಿ, ಖರೀದಿಗೆ ಪ್ರತಿಸಲ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿದೆ. ಆಮೇಲೆ ಹಣ ವಾಪಸ್ ಕೇಳುವ ಅರ್ಜಿ ತೆರೆದೆ. ಕಾರಣ ಆರಿಸಬೇಕಿತ್ತು. ‘ಈ ಖರೀದಿ ಮಾಡುವ ಉದ್ದೇಶ ಇರಲಿಲ್ಲ’ ಅಂತ ಒಂದು. ‘ಮಕ್ಕಳು ಅನುಮತಿ ಇಲ್ಲದೆ ಖರೀದಿಸಿದ್ದಾರೆ’ ಅಂತ ಇನ್ನೊಂದು. ಮಾವಂದಿರ ಬಗ್ಗೆ ಏನೂ ಇರಲಿಲ್ಲ. ನಾನು ಮೊದಲನೆಯದರ ಮೇಲೆ ಬೆರಳಿಡುವಷ್ಟರಲ್ಲಿ ಹಿಂದಿನಿಂದ ಮಾವನವರು ಬಗ್ಗಿ ನೋಡಿದರು.

“ದುಡ್ಡು ವಾಪಸ್ ಕೊಟ್ರೆ ಹಾಕಿರೋ ನೀರನ್ನ ಹೇಗಮ್ಮ ವಾಪಸ್ ತಗೋತಾರೆ? ಬದನೆ ಹೂ ಬಿಟ್ಟಾಗಿದೆ.”